ರೇಷನ್ ಕಾರ್ಡ್‌ವರೆಗೆ ಬಂದ ಮಾತು

ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರಿನಲ್ಲಿ ಸಲಿಂಗ ವಿವಾಹದ ವಿಷಯ ತೆಗೆದರೆ ‘ಅದೆಲ್ಲ ಬೆಂಗಳೂರಿನವರ ಮಾತು ಬಿಡ್ರಿ’ ಎಂಬ ಉತ್ತರ ಬರಬಹುದು. ಆದರೆ ಈ ಬಗ್ಗೆ ಲೋಕವೇ ತಿರುಗಿ ನೋಡುವಂಥ ಮಾತಾಡಿದವರೊಬ್ಬರ ಫೋಟೊ ಇದೇ ತಾಲ್ಲೂಕಿನ ನೂರಾರು ಮನೆಗಳ ಗೋಡೆಯ ಮೇಲಿದೆ.

1966ರಲ್ಲಿ ಇಲ್ಲಿ ಟಿಬೆಟನ್ ಕಾಲೊನಿ ಆರಂಭವಾಯಿತು. ಮುಂದೆ ಡ್ರೆಪುಂಗ್, ಗಾಡೆನ್ ಮಠಗಳು ಇಲ್ಲಿ ಬೇರುಬಿಟ್ಟವು. ಈ ಸಮುದಾಯದ ಗುರು ದಲೈ ಲಾಮಾ 1997ರಲ್ಲಿ ಅಮೆರಿಕದ ಸಲಿಂಗಿಗಳ ಜೊತೆ ಮಾತಿಗೆ ಕೂತಾಗ, ಬೌದ್ಧ ಗ್ರಂಥಗಳು ಹಾಕಿದ ನಿರ್ಬಂಧವನ್ನು ತಳ್ಳಿಹಾಕಲಿಲ್ಲ. 2014ರಲ್ಲಿ ಟಿ.ವಿ. ಸಂದರ್ಶಕ ಲ್ಯಾರಿ ಕಿಂಗ್ ಮದುವೆಯ ಬಗ್ಗೆಯೇ ನೇರವಾಗಿ ಕೇಳಿದರು. ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು, ಇಬ್ಬರೂ ಮನಸಾರೆ ಒಪ್ಪಿದ್ದರೆ ತಪ್ಪಿಲ್ಲ ಎಂದರು ಗುರುಗಳು. ಧರ್ಮ ನಂಬಿದವರು ತಮ್ಮ ಧರ್ಮದ ಕಟ್ಟಳೆ ಪಾಲಿಸಲಿ ಎಂದೂ ಸೇರಿಸಿದರು. ಬೆಂಬಲ ಬರುವುದೇ ಹೀಗೆ, ಒಂದು ಕಾಲು ಹೊಸ್ತಿಲ ಒಳಗಿಟ್ಟುಕೊಂಡು.

ಭಾರತದಲ್ಲಿ ಸಲಿಂಗಿಗಳನ್ನು ಸಮಾಜ ಒಪ್ಪಬೇಕು ಎಂದವರು 2014ರಲ್ಲಿ ನೂರಕ್ಕೆ 15, 2019ರಲ್ಲಿ 37. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕವಿದು. ಅದೇ ಕೇಂದ್ರ 2023ರಲ್ಲಿ ಮದುವೆಯ ಪ್ರಶ್ನೆ ಕೇಳಿದಾಗ ಕಾನೂನು ಮಾನ್ಯತೆ ಬೇಕೆಂದವರು ನೂರಕ್ಕೆ 53, ಬೇಡವೆಂದವರು 43. ಪ್ರಶ್ನೆಗಳು ಬೇರೆಯಾದ್ದರಿಂದ ಎರಡನ್ನೂ ತಾಳೆ ಹಾಕುವಂತಿಲ್ಲ, ನಿಜ. ಆದರೆ ಬೇಕೆಂದವರು ಅರ್ಧಕ್ಕಿಂತ ಹೆಚ್ಚಾದರಲ್ಲ!

ಕನ್ನಡ ಓದುಗರ ಮುಂದೆ ಸಂಡೂರಿನ ವಸುಧೇಂದ್ರ ‘ಮೋಹನಸ್ವಾಮಿ’ ಎಂಬ ಸಲಿಂಗಿಯ ಕಥೆಗಳನ್ನಿಟ್ಟದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿಯಿತು. ಕಥೆ ಅಂಗಡಿಯಲ್ಲಿ ಸಿಗುತ್ತಿತ್ತು, ಕಥಾನಾಯಕ ಕಾನೂನಿನ ಕಣ್ಣಲ್ಲಿ ಅಪರಾಧಿಯಾಗಿದ್ದ. ಆ ಕಳಂಕ ಕಳೆದದ್ದು 2018ರ ಸೆಪ್ಟೆಂಬರ್ 6ರಂದು.

ಮದುವೆಯ ಹಕ್ಕು ಕೇಳಿ ಕೋರ್ಟಿಗೆ ಹೋದವರಲ್ಲಿ ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಇದ್ದರು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡಬೇಕಾದದ್ದು ಶಾಸನಸಭೆ ಎಂದಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಹಾಗಾಗಿ ಚೆಂಡು ಈಗ ರಾಜಕಾರಣಿಗಳ ಅಂಗಳದಲ್ಲಿದೆ. 2024ರ ಲೋಕಸಭಾ ಚುನಾವಣೆಗೆ ಸಿಪಿಎಂ, ಸಲಿಂಗ ಜೋಡಿಗಳಿಗೆ ಮದುವೆಗೆ ಸಮನಾದ ಮಾನ್ಯತೆ ಕೊಡುವ ಭರವಸೆ ನೀಡಿತು. ಕಾಂಗ್ರೆಸ್ ‘ಮದುವೆ’ ಎಂಬ ಪದವನ್ನು ಜಾಣತನದಿಂದ ಬದಿಗಿಟ್ಟು, ವ್ಯಾಪಕ ಚರ್ಚೆಯ ಬಳಿಕ ‘ನಾಗರಿಕ ಸಹಬಾಳ್ವೆ’ಗೆ ಕಾನೂನು ತರುವುದಾಗಿ ಪ್ರಣಾಳಿಕೆಯಲ್ಲಿ ಬರೆಯಿತು. ಕೋರ್ಟಿನಲ್ಲಿ ಬಲವಾಗಿ ವಿರೋಧಿಸಿದ್ದ ಕೇಂದ್ರ ಸರ್ಕಾರವೂ ಅದೇ ವರ್ಷ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡ್‌ಗೆ ಒಂದೇ ಮನೆಯವರೆಂದು ಪರಿಗಣಿಸಬೇಕು ಎಂದು ಸ್ಪಷ್ಟಪಡಿಸಿತು. ಅಕ್ಕಿ ಹಂಚಿಕೊಳ್ಳಬಹುದು, ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಇನ್ನೊಬ್ಬರಿಗೆ ಸಂಗಾತಿಯೆಂಬ ನೆಲೆಯಲ್ಲಿ ಗುಂಟೆ ಜಮೀನೂ ಬರುವುದಿಲ್ಲ.

ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಈ ಮದುವೆಗೆ ಬಾಗಿಲು ತೆರೆದವು. ಪಕ್ಕದ ನೇಪಾಳದಲ್ಲಿ ಮೊದಲ ನೋಂದಣಿ 2023ರ ನವೆಂಬರ್‌ನಲ್ಲಿ ಆಯಿತು. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯ ನಮೂನೆಯಲ್ಲಿ ಮದುವೆಯಾಗುವವರು ಸಹಿ ಮಾಡಲು ಇಂದಿಗೂ ಇರುವುದು ಎರಡೇ ಜಾಗ: ಒಂದು ವರನಿಗೆ, ಒಂದು ವಧುವಿಗೆ.