ಹೈಬ್ರಿಡ್ ಕಾರು ಕೆಟ್ಟು ನಿಂತಿದೆಯಾ? ಹಗ್ಗ ಕಟ್ಟೋ ಮುಂಚೆ ಇದನ್ನ ಓದಿ

ಸಂಗನಕಲ್ಲು: ನಮ್ಮ ಕಡೆ ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಮೊದಲು ಬರೋದು ಟ್ರ್ಯಾಕ್ಟರು, ಆಮೇಲೆ ಹಗ್ಗ. ಗೇರು ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಸ್ಟೇರಿಂಗ್ ಹಿಡ್ಕೊಂಡು ಕೂತರೆ ಬಳ್ಳಾರಿ ಗ್ಯಾರೇಜ್‌ವರೆಗೂ ಎಳ್ಕೊಂಡು ಹೋಗೋದು ರೂಢಿ. ಕ್ಲಚ್ ಇರೋ ಹಳೆ ಕಾರಿಗೆ ಇದು ನಡೆಯುತ್ತೆ. ಆದರೆ ಬಿಡದಿಯಲ್ಲಿ ತಯಾರಾಗೋ ಇನ್ನೋವಾ ಹೈಕ್ರಾಸ್, ಹೈರೈಡರ್‌ನಂಥ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ಹೀಗೆ ಮಾಡಿದರೆ ಸಣ್ಣ ರಿಪೇರಿ ದೊಡ್ಡ ಬಿಲ್ ಆಗುತ್ತೆ.

ಕಾರಣ ಇಷ್ಟೇ. ಈ ಕಾರುಗಳಲ್ಲಿ ಮುಂದಿನ ಚಕ್ರಗಳು ವಿದ್ಯುತ್ ಮೋಟಾರಿಗೆ ಯಾವಾಗಲೂ ಜೋಡಿಸಿಕೊಂಡೇ ಇರ್ತವೆ. 'ಎನ್'ಗೆ ಹಾಕಿದರೆ ಮೋಟಾರಿಗೆ ಕರೆಂಟ್ ನಿಲ್ಲುತ್ತೆ, ನಂಟು ಬಿಡಲ್ಲ. ಹಳೆ ಸೈಕಲ್ ಡೈನಮೊ ನೆನಪಿದೆಯಲ್ಲ, ಚಕ್ರ ತಿರುಗಿದಷ್ಟೂ ಕರೆಂಟ್ ಹುಟ್ಟುತ್ತಿತ್ತು. ಇಲ್ಲೂ ಅದೇ ಕಥೆ. ಮುಂದಿನ ಚಕ್ರ ನೆಲದ ಮೇಲೆ ಉರುಳಿಸ್ಕೊಂಡು ದೂರ ಎಳೆದರೆ ಒಳಗೆ ಬಿಸಿಯೇರಿ ಮೋಟಾರು, ಗೇರು ಹಾಳಾಗಬಹುದು.

ಹಾಗಾದರೆ ನ್ಯೂಟ್ರಲ್ ಯಾಕೆ ಬೇಕು? ಕಾರನ್ನ ರಸ್ತೆ ಪಕ್ಕಕ್ಕೆ ತಳ್ಳೋಕೆ, ಟೋಯಿಂಗ್ ಗಾಡಿ ಮೇಲೆ ಹತ್ತಿಸೋಕೆ. ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ತುಳಿಯದೆ ಪವರ್ ಬಟನ್ 2 ಸಲ ಒತ್ತಿದರೆ ಸಾಮಾನ್ಯವಾಗಿ ಮೀಟರ್ ದೀಪಗಳು ಹತ್ತುತ್ತವೆ. 'ರೆಡಿ' ಅಂತ ಬರದಿದ್ದರೂ ಪರವಾಗಿಲ್ಲ. ಈಗ ಬ್ರೇಕ್ ತುಳಿದು ಲಿವರ್ 'ಎನ್'ಗೆ ತನ್ನಿ. ಜಾಯ್‌ಸ್ಟಿಕ್ ಥರದ ಪುಟ್ಟ ಲಿವರ್ ಆದರೆ ಅಲ್ಲೇ ಒಂದು ಕ್ಷಣ ಹಿಡಿದಿಡಬೇಕು. ಅಂಥ ಕಾರಲ್ಲಿ ಪವರ್ ಆಫ್ ಮಾಡಿದ್ರೋ, ತಾನಾಗೇ 'ಪಿ'ಗೆ ಬಿದ್ದು ಚಕ್ರ ಲಾಕ್ ಆಗುತ್ತೆ. ಮಾಮೂಲಿ ಲಿವರ್ ಅಲ್ಲಾಡದಿದ್ದರೆ ಅದರ ಪಕ್ಕದಲ್ಲಿ ಸಣ್ಣ ಮುಚ್ಚಳದ ಕೆಳಗೆ ಲಾಕ್ ಬಿಡಿಸೋ ಬಟನ್ ಇದೆಯಾ ನೋಡಿ.

ದೀಪವೇ ಹತ್ತದಿದ್ದರೆ? ದೊಡ್ಡ ಹೈಬ್ರಿಡ್ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ಕಾರು ಏಳಲ್ಲ, ಲಾಕ್ ಬಿಡಲ್ಲ, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕೂ ಬಿಡಲ್ಲ. ಬಾಗಿಲು ತೆರೆಯೋಕೆ ರಿಮೋಟ್ ಒಳಗೆ ಅಡಗಿರೋ ಲೋಹದ ಕೀ ಬಳಸಿ. ಆಮೇಲೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಮ್ಯಾನುಯಲ್‌ನಲ್ಲಿ ತೋರಿಸಿದ ಜಾಗಕ್ಕೆ ಜಂಪರ್ ಕೇಬಲ್ ಕೊಡಿ. ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಲಾರಿಗಳು ಬೇಕಾದಷ್ಟು ಸಿಗ್ತವೆ, ಆದರೆ ದೊಡ್ಡ ಲಾರಿಗಳದ್ದು 24 ವೋಲ್ಟ್, ಅದರಿಂದ ಮಾತ್ರ ಬೇಡ. ಸಮಸ್ಯೆ ಬರೀ ಸಣ್ಣ ಬ್ಯಾಟರಿದಾಗಿದ್ದರೆ ಕಾರು 'ರೆಡಿ' ಆಗಿ, ಎಳೆಯೋ ಕೆಲಸವೇ ತಪ್ಪಬಹುದು.

ಕಿತ್ತಳೆ ಬಣ್ಣದ ವೈರು ಹೈವೋಲ್ಟೇಜಿಂದು, ಮುಟ್ಟಬೇಡಿ. ಅಪಘಾತವಾಗಿ ಅದು ಹರಿದಿದ್ದರೆ, ಹೊಗೆ ಬರ್ತಿದ್ದರೆ ದೂರ ಸರಿದು 112ಕ್ಕೆ ಫೋನ್ ಮಾಡಿ.

ಹಗ್ಗವೇ ಗತಿ ಅನ್ನೋ ಹೊತ್ತಲ್ಲಿ, ಅಪಾಯದ ಜಾಗದಿಂದ ಆಚೆ ತರೋಕೆ ಮಾತ್ರ, ಡಾಂಬರು ರಸ್ತೆ ಮೇಲೆ, ಗಂಟೆಗೆ 30 ಕಿ.ಮೀ. ಒಳಗೆ ಎಳೀರಿ. ಪವರ್ ಇಲ್ಲದಿದ್ದರೆ ಸ್ಟೇರಿಂಗ್, ಬ್ರೇಕ್ ಎರಡೂ ಕಲ್ಲಿನಂತಾಗಿರ್ತವೆ, ಹುಡುಗರನ್ನ ಕೂರಿಸಬೇಡಿ.

ಅಂದಹಾಗೆ, ಎರ್ಟಿಗಾ, ಸಿಯಾಜ್ ಹಿಂದೆ 'ಸ್ಮಾರ್ಟ್ ಹೈಬ್ರಿಡ್' ಅಂತ ಬರೆದಿದ್ದರೆ ಗಾಬರಿ ಬೇಡ. ಅದು ಮೈಲ್ಡ್ ಹೈಬ್ರಿಡ್. ಮ್ಯಾನುಯಲ್ ಗೇರಿಂದಾದರೆ ನ್ಯೂಟ್ರಲ್ ಮಾಮೂಲಿಯೇ.

ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದರೆ ಸಹಾಯವಾಣಿ 1033. ಯಾರಿಗೇ ಫೋನ್ ಮಾಡಿದರೂ "ಹೈಬ್ರಿಡ್ ಕಾರು, ಪೂರ್ತಿ ಮೇಲೆ ಹೊತ್ಕೊಂಡು ಹೋಗೋ ಗಾಡಿ ಕಳಿಸಿ" ಅಂತ ಮೊದಲೇ ಹೇಳಿ. ಅದು ಸಿಗದಿದ್ದರೆ ಮುಂದಿನ ಎರಡು ಚಕ್ರ ಎತ್ತೋ ಕ್ರೇನ್ ಆದರೂ ಸರಿ. ಹಿಂದಿನ ಚಕ್ರ ಎತ್ತಿ ಎಳೀತೀನಿ ಅಂದರೆ ಬೇಡ ಅನ್ನಿ.