ದನದ ಕೊಟ್ಟಿಗೆಯಲ್ಲಿ ದವಾಖಾನೆ

ಕೆರೆ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ ಎಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂಬು ಎತ್ತಬೇಕು, ಕಾಲುವೆಯ ಹೂಳು ತೆಗೆದಿರಬೇಕು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ನೋಡಿಕೊಳ್ಳುವ ನೀರುಗಂಟಿ ಇರಬೇಕು. ಇಲ್ಲವಾದರೆ ಕೆರೆಯಲ್ಲಿ ನೀರಿದ್ದೂ ಕೊನೆಯ ಗದ್ದೆ ಒಣಗುತ್ತದೆ. ವೈದ್ಯರು ದಾನವಾಗಿ ಕೊಡುವ ಚಿಕಿತ್ಸೆಯ ಪಾಡೂ ಇಷ್ಟೇ. ಕೊಡುವವರು ಒಂದು ಕಡೆ, ಬೇಕಾದವರು ಇನ್ನೊಂದು ಕಡೆ. ನಡುವೆ ದಾರಿ ಮಾಡಿಕೊಡುವವರು ಇಲ್ಲದಿದ್ದರೆ ದಾನ ಕೊಡುವವರ ಕೈಯಲ್ಲಿಯೇ ಉಳಿಯುತ್ತದೆ. ಅಮೆರಿಕದ ಗುಡ್ಡಗಾಡು ಜಿಲ್ಲೆಗಳಲ್ಲಿ ಈ ನೀರುಗಂಟಿಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತ ಬಂದ ಸ್ವಯಂಸೇವಕರ ಸಂಗತಿ ನಮ್ಮ ಹಳ್ಳಿಗಳೂ ತಿಳಿಯಬೇಕಾದದ್ದು.

ಸಿರಿವಂತ ದೇಶದ ಬಡ ರೋಗಿ

ಅಂಥ ಸಿರಿವಂತ ದೇಶದಲ್ಲಿ ದಾನದ ಚಿಕಿತ್ಸೆ ಯಾರಿಗೆ ಬೇಕು ಎಂಬ ಸಂಶಯ ಬರುವುದು ಸಹಜ. ಅಲ್ಲಿ ಆಸ್ಪತ್ರೆಯ ಖರ್ಚು ವಿಪರೀತ. ಆರೋಗ್ಯ ವಿಮೆ ಇಲ್ಲದವರು ಅದನ್ನು ಭರಿಸುವುದು ಬಹಳ ಕಷ್ಟ. ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಈ ವಿಮೆ ದೊರೆಯುವುದು ಕೆಲಸ ಕೊಟ್ಟ ಕಂಪೆನಿಯ ಮೂಲಕ. 65 ವರ್ಷ ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು 1965ರ ಕಾನೂನಿನಿಂದ ಬಂದವು. ಕಂಪೆನಿಯ ವಿಮೆಯೂ ಇಲ್ಲದೆ, ಸರ್ಕಾರದ ಲೆಕ್ಕದಲ್ಲಿ ಬಡವರೂ ಅನ್ನಿಸಿಕೊಳ್ಳದೆ ನಡುವೆ ಉಳಿದವರು ಅನೇಕರು. ಸಣ್ಣ ಹಿಡುವಳಿದಾರರು, ದಿನಗೂಲಿಯವರು, ಕಲ್ಲಿದ್ದಲು ಗಣಿ ಮುಚ್ಚಿ ಕೆಲಸ ಕಳೆದುಕೊಂಡವರು ಈ ಗುಂಪಿನಲ್ಲಿ ಸೇರುತ್ತಾರೆ. 2010ರ ಹೊಸ ಕಾನೂನಿನ ನಂತರ ಇವರ ಸಂಖ್ಯೆ ಇಳಿಯಿತಾದರೂ 2023ರಲ್ಲಿ ಸುಮಾರು 2 ಕೋಟಿ 60 ಲಕ್ಷ ಜನರಿಗೆ ಯಾವ ವಿಮೆಯೂ ಇರಲಿಲ್ಲ. ವಿಮೆ ಇದ್ದವರಿಗೂ ಹಲ್ಲು ಮತ್ತು ಕನ್ನಡಕದ ಖರ್ಚು ಎಷ್ಟೋ ವೇಳೆ ಕೈಯಿಂದಲೇ ಆಗಬೇಕು.

ದನಗಾಹಿ ಕಟ್ಟಿದ ಸಂಸ್ಥೆ

ಇಂಥವರ ನೆರವಿಗೆ ಬಂದವರಲ್ಲಿ ಸ್ಟ್ಯಾನ್ ಬ್ರಾಕ್ ಅವರ ಹೆಸರು ದೊಡ್ಡದು. ಅವರು ವೈದ್ಯರಲ್ಲ, ದನ ಕಾಯ್ದವರು. 1936ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಹೋಗಿ, ದಾದನಾವಾ ಎಂಬ ಭಾರಿ ದನದ ಫಾರಂನಲ್ಲಿ ಕುದುರೆಯೇರಿ ಮಂದೆ ಕಾಯುತ್ತಿದ್ದರು. ಒಮ್ಮೆ ಪಳಗದ ಕುದುರೆಯಿಂದ ಅವರಿಗೆ ಬಲವಾದ ಪೆಟ್ಟಾಯಿತು. ಹತ್ತಿರದ ವೈದ್ಯರೆಂದರೆ 26 ದಿನಗಳ ಕಾಲುನಡಿಗೆಯ ದೂರದಲ್ಲಿದ್ದರು. ಅವರು ಬದುಕಿಕೊಂಡರು. ಆದರೆ ಆ ಸೀಮೆಯಲ್ಲಿ ಕಾಯಿಲೆ ಬಿದ್ದ ಎಲ್ಲರ ಗತಿಯೂ ಇದೇ ಎಂಬುದು ಅವರ ಮನಸ್ಸಿನಲ್ಲಿ ನಿಂತಿತು.

ಮುಂದೆ ಅಮೆರಿಕಕ್ಕೆ ಬಂದು, ಕಾಡುಪ್ರಾಣಿಗಳ ಟೆಲಿವಿಷನ್ ಕಾರ್ಯಕ್ರಮದಿಂದ ಹೆಸರಾದ ಮೇಲೆ, 1985ರಲ್ಲಿ ‘ರಿಮೋಟ್ ಏರಿಯಾ ಮೆಡಿಕಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ರಸ್ತೆಯಿಲ್ಲದ ಪರದೇಶದ ಊರುಗಳಿಗೆ ವೈದ್ಯರನ್ನು ಒಯ್ಯುವುದು ಮೊದಲ ಉದ್ದೇಶ. ಆದರೆ ಟೆನೆಸಿ ರಾಜ್ಯದ ಸ್ನೀಡ್‌ವಿಲ್ ಎಂಬ ಊರಿನಲ್ಲಿ ಆಸ್ಪತ್ರೆ ಮುಚ್ಚಿ, ಇದ್ದ ದಂತವೈದ್ಯರೂ ಊರು ಬಿಟ್ಟಿದ್ದರು. 1992ರಲ್ಲಿ ಬ್ರಾಕ್ ಅವರು ಹಲ್ಲಿನ ಚಿಕಿತ್ಸೆಯ ಕುರ್ಚಿಯನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋದರು. ಅಲ್ಲಿಂದ ಸಂಸ್ಥೆಯ ಹೆಚ್ಚಿನ ಕೆಲಸ ಅಮೆರಿಕದೊಳಗೇ ನಡೆಯತೊಡಗಿತು.

ದಾನಕ್ಕೂ ಒಂದು ಅಡ್ಡಿ ಇತ್ತು. ಅಮೆರಿಕದಲ್ಲಿ ವೈದ್ಯರ ಪರವಾನಗಿ ಆಯಾ ರಾಜ್ಯಕ್ಕೆ ಮಾತ್ರ. ಪಕ್ಕದ ರಾಜ್ಯದ ವೈದ್ಯರು ಗಡಿ ದಾಟಿ ಬಂದು ಬಿಟ್ಟಿಯಾಗಿ ಔಷಧ ಕೊಟ್ಟರೂ ಅದು ಕಾನೂನಿಗೆ ವಿರುದ್ಧ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತಾಯಿತು. 1995ರಲ್ಲಿ ಟೆನೆಸಿ ರಾಜ್ಯ ಕಾನೂನು ಮಾಡಿ, ಬೇರೆ ರಾಜ್ಯದ ಪರವಾನಗಿ ಉಳ್ಳವರೂ ಬಂದು ಉಚಿತ ಚಿಕಿತ್ಸೆ ಕೊಡಬಹುದು ಎಂದಿತು. ತೂಬು ಎತ್ತಿದ್ದು ಆಗ.

ಬೆಳಗಿನ ಜಾವದ ಚೀಟಿ

ವರ್ಜೀನಿಯಾ ರಾಜ್ಯದ ವೈಸ್ ಎಂಬ ಜಿಲ್ಲೆ ಕಲ್ಲಿದ್ದಲ ಸೀಮೆ. ಅಲ್ಲಿ 2000ದಿಂದ ಹಲವು ವರ್ಷ, ಬೇಸಿಗೆಯಲ್ಲಿ ಈ ಸಂಸ್ಥೆಯ ದೊಡ್ಡ ಶಿಬಿರ ನಡೆಯಿತು. ಶಿಬಿರಕ್ಕೆ ಒದಗಿದ್ದು ಜಾನುವಾರು ಪ್ರದರ್ಶನ ನಡೆಯುವ ಜಾತ್ರೆ ಮೈದಾನ. ದನ, ಕುದುರೆ ಕಟ್ಟುವ ಕೊಟ್ಟಿಗೆಗಳನ್ನು ತೊಳೆದು, ಬಟ್ಟೆಯ ಪರದೆ ಕಟ್ಟಿ, ಅವುಗಳಲ್ಲಿ ರೋಗಿಗಳನ್ನು ಪರೀಕ್ಷಿಸುತ್ತಿದ್ದರು. ಡೇರೆಗಳ ಕೆಳಗೆ ಸಾಲಾಗಿ ಹಲ್ಲಿನ ಕುರ್ಚಿಗಳು. ಪಕ್ಕದಲ್ಲಿ ಕನ್ನಡಕದ ಗಾಜು ಉಜ್ಜುವ ಯಂತ್ರಗಳಿದ್ದ ಲಾರಿ. ಕಣ್ಣು ತೋರಿಸಿದವರು ಎಷ್ಟೋ ಸಲ ಅಂದೇ ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಇಂಥ ಶಿಬಿರಗಳಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಜನ ಹಿಂದಿನ ರಾತ್ರಿಯೇ ಬಂದು ಗಾಡಿಗಳಲ್ಲಿ ಮಲಗುತ್ತಾರೆ. ಹಲವು ವರ್ಷ ಬೆಳಗಿನ ಜಾವ 3 ಗಂಟೆಯ ಸುಮಾರಿಗೆ ಸ್ವಯಂಸೇವಕರು ಸಂಖ್ಯೆಯ ಚೀಟಿ ಕೊಡುತ್ತಿದ್ದರು, 6 ಗಂಟೆಗೆ ಬಾಗಿಲು ತೆರೆಯುತ್ತಿತ್ತು. ವಿಮೆ ಇದೆಯೇ, ಆದಾಯ ಎಷ್ಟು, ಗುರುತಿನ ಪತ್ರ ಎಲ್ಲಿ ಎಂದು ಕೇಳುವುದಿಲ್ಲ.

ಇಲ್ಲಿ ಗಮನಿಸತಕ್ಕದ್ದು ಕೆಲಸದ ಹಂಚಿಕೆ. ವೈದ್ಯರು, ದಂತವೈದ್ಯರು, ದಾದಿಯರು, ಕಲಿಯುತ್ತಿರುವ ವಿದ್ಯಾರ್ಥಿಗಳು ತಮ್ಮ ವಿದ್ಯೆಯನ್ನು ದಾನ ಮಾಡುತ್ತಾರೆ. ಆದರೆ ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ಜನರೂ ಅಷ್ಟೇ ಬೇಕು. ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದು, ಹೆಸರು ಬರೆದುಕೊಳ್ಳುವುದು, ಮುದುಕರ ಕೈ ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯುವುದು, ಭಾಷೆ ಬಾರದವರಿಗೆ ಮಾತು ತಿಳಿಸುವುದು, ಉಪಕರಣಗಳನ್ನು ತೊಳೆದು ಶುದ್ಧಿಗೆ ಕಳಿಸುವುದು ಇವೆಲ್ಲ ಅವರ ಪಾಲು. ಇವರು ಇಲ್ಲದಿದ್ದರೆ ದಂತವೈದ್ಯರ ಅರ್ಧ ದಿನ ರೋಗಿಯನ್ನು ಹುಡುಕುವುದರಲ್ಲಿಯೇ ಕಳೆಯುತ್ತದೆ.

ವೈಸ್ ಸೀಮೆಗೆ ಇನ್ನೊಂದು ಬಲವಿತ್ತು. 1980ರಲ್ಲಿ ಬರ್ನಡೆಟ್ ಕೆನಿ ಎಂಬ ಕ್ರೈಸ್ತ ಸನ್ಯಾಸಿನಿ, ತರಬೇತಿಯಿಂದ ದಾದಿ, ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಔಷಧ ಇಟ್ಟುಕೊಂಡು ಗುಡ್ಡದ ಮನೆಗಳಿಗೆ ಹೋಗತೊಡಗಿದ್ದರು. ಅದೇ ಬೆಳೆದು ‘ಹೆಲ್ತ್ ವ್ಯಾಗನ್’ ಎಂಬ ಸಂಚಾರಿ ದವಾಖಾನೆಯಾಯಿತು. ಶಿಬಿರದವರು ಬಂದು ಹೋಗುವವರು. ಯಾವ ಕಣಿವೆಯ ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂದು ಬಲ್ಲವರು ಊರಿನಲ್ಲಿಯೇ ಉಳಿಯುವವರು. ಇಬ್ಬರೂ ಕೈಗೂಡಿಸಿದ್ದರಿಂದಲೇ ಶಿಬಿರ ಫಲ ಕೊಟ್ಟಿತು.

ಶಿಬಿರ ಎತ್ತಿದ ಮೇಲೆ?

ಶಿಬಿರಕ್ಕೆ ಒಂದು ಮಿತಿ ಇದೆ. ಹುಳುಕು ಹಲ್ಲು ಒಂದೇ ದಿನದಲ್ಲಿ ಕೀಳಬಹುದು, ಕನ್ನಡಕ ಒಂದೇ ದಿನದಲ್ಲಿ ಕೊಡಬಹುದು. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗೆ ವರ್ಷವಿಡೀ ಔಷಧ ಬೇಕು. ಎದೆಯ ಎಕ್ಸ್‌ರೇಯಲ್ಲಿ ಗಂಟು ಕಂಡರೆ ಮುಂದಿನ ವಾರ ತಜ್ಞರು ನೋಡಬೇಕು. ಅಷ್ಟರಲ್ಲಿ ಡೇರೆ ಎತ್ತಿರುತ್ತದೆ. ಕಾಯಿಲೆ ಗೊತ್ತಾಗಿಯೂ ಚಿಕಿತ್ಸೆ ಸಿಗದಿದ್ದರೆ ರೋಗಿಗೆ ಚಿಂತೆಯೊಂದೇ ಲಾಭ.

ಇದಕ್ಕೆ ಉತ್ತರವನ್ನು ಉತ್ತರ ಕ್ಯಾರೊಲಿನಾ ರಾಜ್ಯದ ಬಂಕಂಬ್ ಎಂಬ ಜಿಲ್ಲೆಯ ವೈದ್ಯರ ಸಂಘ ಕಂಡುಕೊಂಡಿತು. ಅದು 1996ರಲ್ಲಿ ಆರಂಭಿಸಿದ ವ್ಯವಸ್ಥೆಯ ಹೆಸರು ‘ಪ್ರಾಜೆಕ್ಟ್ ಆಕ್ಸೆಸ್’. ಅದಕ್ಕೆ ಮೊದಲೂ ಅಲ್ಲಿ ಹಣವಿಲ್ಲದವರನ್ನು ಬಿಟ್ಟಿಯಾಗಿ ನೋಡುವ ವೈದ್ಯರಿದ್ದರು. ಆದರೆ ಮರುಕ ಉಳ್ಳವರ ಬಾಗಿಲಿಗೇ ಎಲ್ಲ ರೋಗಿಗಳು ಬಂದರೆ ಅವರು ಎಷ್ಟು ದಿನ ತಾಳಿಯಾರು? ಆದ್ದರಿಂದ ಹೊರೆಯನ್ನು ಹಂಚಿಕೊಂಡರು. ಸಾಮಾನ್ಯ ವೈದ್ಯರು ವರ್ಷಕ್ಕೆ 10 ರೋಗಿಗಳನ್ನು, ತಜ್ಞರು 20 ರೋಗಿಗಳನ್ನು ಉಚಿತವಾಗಿ ನೋಡಲು ಮಾತು ಕೊಟ್ಟರು. ಆಸ್ಪತ್ರೆಗಳು ಪರೀಕ್ಷೆ ಮತ್ತು ಹಾಸಿಗೆಯನ್ನು ದಾನ ಮಾಡಿದವು. ಔಷಧಕ್ಕೆ ಜಿಲ್ಲಾಡಳಿತ ಹಣ ಕೊಟ್ಟಿತು.

ನಮ್ಮಲ್ಲಿ ನಾಟಿಯ ಕಾಲದಲ್ಲಿ ಮುಯ್ಯಾಳು ಲೆಕ್ಕ ಇಡುವಂತೆ, ಇಲ್ಲಿ ಯಾರ ಸರದಿ ಎಷ್ಟು ಎಂಬ ಲೆಕ್ಕವನ್ನು ಒಂದು ಕಚೇರಿ ಇಡುತ್ತದೆ. ರೋಗಿ ಅರ್ಹನೇ ಎಂದು ನೋಡಿ, ಸರದಿಯಲ್ಲಿರುವ ವೈದ್ಯರ ಬಳಿಗೆ ಕಳಿಸಿ, ಹೇಳಿದ ದಿನ ತಪ್ಪದೆ ಹೋಗುವಂತೆ ನೆನಪಿಸುತ್ತದೆ. ದಾನವೆಂದು ರೋಗಿ ಉದಾಸೀನ ಮಾಡಿದರೆ ವೈದ್ಯರ ವೇಳೆ ಹಾಳಾಗಿ ಮುಂದಿನ ರೋಗಿಗೂ ನಷ್ಟ. ಕೊಟ್ಟ ಮಾತಿಗೊಂದು ಮಿತಿ ಇದ್ದುದರಿಂದ ಹೆಚ್ಚು ವೈದ್ಯರು ಸೇರಿದರು. ಇತರ ಅನೇಕ ಜಿಲ್ಲೆಗಳು ಈ ಪದ್ಧತಿಯನ್ನು ಅನುಸರಿಸಿದವು.

ನಮ್ಮ ಊರಿನಲ್ಲಿ

ದಾನದ ವೈದ್ಯ ನಮಗೆ ಹೊಸದಲ್ಲ. ಡಾ. ಎಂ. ಸಿ. ಮೋದಿ (1916–2005) ಅವರು ಊರೂರು ಸುತ್ತಿ ನಡೆಸಿದ ಕಣ್ಣಿನ ಶಿಬಿರಗಳನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಈಗ ಶಸ್ತ್ರಚಿಕಿತ್ಸೆಯನ್ನು ಶಾಲೆಯ ಕೊಠಡಿಯಲ್ಲಿ ಮಾಡುವ ಪದ್ಧತಿ ಹೋಗಿದೆ. ಊರಿನಲ್ಲಿ ಕಣ್ಣು ಪರೀಕ್ಷಿಸಿ, ಪೊರೆ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕೆರೆಯಲ್ಲಿ ನೀರಿದೆ ಎಂದೇ ಹೇಳಬೇಕು. ಕೊನೆಯ ಗದ್ದೆಗೆ ಅದು ಮುಟ್ಟುವುದು ಊರಿನವರ ಕೈಯಲ್ಲಿದೆ.

ಹಾಲು ಉತ್ಪಾದಕರ ಸಂಘ, ಯುವಕ ಸಂಘ, ಮಹಿಳಾ ಸಂಘ ಯಾವುದಾದರೂ ಈ ಕೆಲಸ ಹಿಡಿಯಬಹುದು. ಶಿಬಿರದ ದಿನಕ್ಕೆ ಮೊದಲೇ ಮನೆಮನೆ ವಿಚಾರಿಸಿ ರೋಗಿಗಳ ಪಟ್ಟಿ ಮಾಡಿರಿ. ಒಂಟಿ ಮುದುಕಿಯರು, ಕೂಲಿಗೆ ಹೋಗುವವರು, ಊರಾಚೆ ಗುಡಿಸಲಿನವರು ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿರಿ. ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ಚೀಟಿಗಳು ಸಿದ್ಧವಿರಲಿ. ಓದು ಬಲ್ಲ ಒಬ್ಬರು ರೋಗಿಗಳ ಜೊತೆಯಲ್ಲಿ ಹೋಗಲಿ. ವೈದ್ಯರು ಹೇಳಿದ್ದನ್ನು ಬರೆದುಕೊಂಡು ಬರಲಿ. ಮತ್ತೆ ತೋರಿಸಬೇಕಾದ ದಿನವನ್ನು ಡೈರಿಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ದಿನಕ್ಕೆರಡು ಹೊತ್ತು ಹಾಲು ಹಾಕಲು ಬಂದವರ ಕಣ್ಣಿಗೆ ಬೀಳುತ್ತದೆ.

ಬ್ರಾಕ್ ಅವರು 2018ರ ಆಗಸ್ಟ್‌ನಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯಿಂದ ಸಂಬಳ ಪಡೆಯದೆ, ಹಳೆಯ ಶಾಲಾ ಕಟ್ಟಡವೊಂದರಲ್ಲಿ ನೆಲದ ಮೇಲೆ ಮಲಗಿ ಅವರು ಬಾಳಿದರು. ಅವರಂತೆ ಎಲ್ಲವನ್ನೂ ಬಿಟ್ಟು ಬದುಕುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಮುಂದಿನ ಶಿಬಿರದ ದಿನ, ಕಣ್ಣು ಕಾಣದ ಒಬ್ಬ ಅಜ್ಜಿಯನ್ನು ಬಸ್ಸು ಹತ್ತಿಸಿ, ಸಂಜೆ ಮನೆಗೆ ತಂದು ಬಿಡುವುದು ಯಾರಿಗೆ ತಾನೆ ಆಗದು?