ಕೆಸರಿಗೆ ಮರಳಿದ ಕಬ್ಬಿಣದ ಗಾಲಿ

ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿಯ ಗುರುತಿನತ್ತ ಏರುತ್ತಿದೆ ಎಂಬ ಸುದ್ದಿ ಬಂದು ನಾಲೆಗೆ ನೀರು ಬಿಡುವ ದಿನ ಗೊತ್ತಾದರೆ ಸಾಕು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಕೈತುಂಬ ಕೆಲಸ. ಬಾಗಿಲ ಮುಂದೆ ಆಳೆತ್ತರದ ಕಬ್ಬಿಣದ ಗಾಲಿಗಳು ಒರಗಿ ನಿಲ್ಲುತ್ತವೆ. ಎರಡು ಮೂರು ಬಳೆಗಳ ನಡುವೆ ಅಡ್ಡಡ್ಡಲಾಗಿ ಆಂಗಲ್ ಪಟ್ಟಿ ಕೂರಿಸಿ ಬೆಸೆದ ಪಂಜರ ಅದು. ಕಳೆದ ಹಂಗಾಮಿನಲ್ಲಿ ತೆವರಿಗೆ ಬಡಿದು ಸೊಟ್ಟಗಾದ ಪಟ್ಟಿಯನ್ನು ಕಾಯಿಸಿ ನೆಟ್ಟಗೆ ಮಾಡುತ್ತಾರೆ, ಸವೆದದ್ದನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ರೈತರ ಬಾಯಲ್ಲಿ ಇದು ಕೇಜ್‌ವೀಲು. ಟೈರಿನ ಪಕ್ಕಕ್ಕೆ ಬಿಗಿಯುವುದು ಹಾಫ್ ಕೇಜು, ಟೈರನ್ನೇ ಬಿಚ್ಚಿ ಹಾಕುವುದು ಫುಲ್ ಕೇಜು.

ಇದನ್ನು ಹೊಸ ಕಾಲದ ಸಲಕರಣೆ ಎಂದುಕೊಂಡವರೇ ಹೆಚ್ಚು. ಕಬ್ಬಿಣದ ಗಾಲಿ ರಬ್ಬರ್ ಟೈರಿಗಿಂತ ಹಳೆಯದು. 1930ರ ದಶಕದ ಆರಂಭದವರೆಗೂ ಜಗತ್ತಿನ ಟ್ರ್ಯಾಕ್ಟರುಗಳು ಬಹುತೇಕ ಹಲ್ಲುಗಳಿದ್ದ ಕಬ್ಬಿಣದ ಗಾಲಿಯ ಮೇಲೆಯೇ ಉರುಳುತ್ತಿದ್ದವು. 1932ರಲ್ಲಿ ಅಮೆರಿಕದ ಆಲಿಸ್ ಚಾಮರ್ಸ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ಟೈರು ಹಾಕಿತು. ಓಟ ಹೆಚ್ಚಿತು, ಕುಲುಕಾಟ ತಗ್ಗಿತು, ಕಬ್ಬಿಣ ಮೂಲೆ ಸೇರಿತು. ಆದರೆ ಆ ಟೈರು ರೂಪುಗೊಂಡದ್ದು ಗೋಧಿ, ಜೋಳ ಬೆಳೆಯುವ ಒಣ ಹೊಲದಲ್ಲಿ. ಮೊಣಕಾಲುದ್ದ ಕೆಸರಿನಲ್ಲಿ ಉಳುವ ನಮ್ಮ ಭತ್ತದ ಗದ್ದೆ ಅದರ ಲೆಕ್ಕದಲ್ಲೇ ಇರಲಿಲ್ಲ.

ಗದ್ದೆಯಲ್ಲಿ ಅಲ್ಲಿಯವರೆಗೆ ನಡೆದದ್ದು ಎತ್ತಿನ ಗೊರಸು. ಬಂಗಾರದೊಡ್ಡಿ, ವಿರಿಜಾ, ಚಿಕ್ಕದೇವರಾಜ ಸಾಗರ ನಾಲೆಗಳ ಕೆಳಗಿನ ಶ್ರೀರಂಗಪಟ್ಟಣ ಸೀಮೆಯ ಗದ್ದೆಗಳು ನೂರಾರು ವರ್ಷ ಎತ್ತುಗಳಿಂದಲೇ ಹದಗೊಂಡವು. ಎತ್ತಿನ ಗೊರಸು ಸೀಳಿದೆ. ಊರಿದಾಗ ಎರಡು ಭಾಗವೂ ಅಗಲಗೊಂಡು ಭಾರ ಹರಡುತ್ತದೆ, ಎತ್ತುವಾಗ ಕೂಡಿಕೊಂಡು ಕೆಸರಿನ ಹಿಡಿತ ಬಿಡಿಸಿಕೊಳ್ಳುತ್ತದೆ. ಜೋಡಿ ಹಳ್ಳಿಕಾರ್ ಎತ್ತು ಸೇರಿದರೂ ತೂಕ ಒಂದು ಟನ್ ದಾಟದು. ನಾಗಮಂಗಲ ಸೀಮೆ ಈ ತಳಿಗೆ ಹೆಸರುವಾಸಿ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯಲ್ಲಿ ಹೋರಿಯ ಹಲ್ಲು, ಸುಳಿ ನೋಡಿದ ಮೇಲೆ ಗೊರಸನ್ನೂ ಎತ್ತಿ ನೋಡುವ ಹಿರಿಯರು ಸುಮ್ಮನೆ ನೋಡುವುದಿಲ್ಲ.

ಇಂದಿನ ವಿಶ್ವೇಶ್ವರಯ್ಯ ನಾಲೆ, ಅಂದಿನ ಇರ್ವಿನ್ ನಾಲೆ, 1930ರ ದಶಕದಲ್ಲಿ ಹುಲಿಕೆರೆ ಸುರಂಗ ದಾಟಿ ಹರಿದ ಮೇಲೆ ಮಂಡ್ಯ ಸೀಮೆಯ ಲೆಕ್ಕಾಚಾರವೇ ಬದಲಾಯಿತು. ರಾಗಿಯ ಹೊಲಗಳು ಗದ್ದೆಯಾದವು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು. ನೀರು ಎಲ್ಲರಿಗೂ ಒಂದೇ ಸಲ ಸಿಗುವುದರಿಂದ ಉಳುಮೆಯೂ ನಾಟಿಯೂ ಎಲ್ಲರಿಗೂ ಒಂದೇ ಸಲ. ಒಟ್ಲು ಬಲಿತು ನಿಂತಿರುತ್ತದೆ, ಎತ್ತಿಗೂ ಆಳಿಗೂ ಪರದಾಟ.

ಆ ಇಕ್ಕಟ್ಟಿಗೆ ದಾರಿ ಕಂಡದ್ದು ಜಪಾನಿನ ಕಡೆಯಿಂದ. 1960ರ ದಶಕದಲ್ಲಿ ಜಪಾನ್ ಸಹಕಾರದ ಮಾದರಿ ಭತ್ತ ಕ್ಷೇತ್ರಗಳು ದೇಶದ ಕೆಲವೆಡೆ ಆರಂಭವಾದವು. ಮಂಡ್ಯವೂ ಅವುಗಳಲ್ಲೊಂದು. ಸಣ್ಣ ಹಿಡುವಳಿಯ, ಕೆಸರು ಗದ್ದೆಯ ದೇಶದವರು ತಮ್ಮ ಗದ್ದೆಗೆ ತಕ್ಕಂತೆ ಮಾಡಿಕೊಂಡಿದ್ದ ಯಂತ್ರ ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ನೆರವಿನೊಂದಿಗೆ ಅದನ್ನು ಇಲ್ಲಿಯೇ ತಯಾರಿಸಲು ಸ್ಥಾಪನೆಯಾಯಿತು. ಹನ್ನೆರಡು ಹದಿಮೂರು ಅಶ್ವಶಕ್ತಿಯ ಈ ಯಂತ್ರಕ್ಕೆ ರಸ್ತೆಯಲ್ಲಿ ಟೈರು, ಗದ್ದೆಯಲ್ಲಿ ಕಬ್ಬಿಣದ ಗಾಲಿ. ಟಿಲ್ಲರಿನ ಹಿಂದೆ ದಿನವಿಡೀ ಕೆಸರು ತುಳಿದು ನಡೆದವರಿಗೆ ಕಬ್ಬಿಣದ ಗಾಲಿಯ ಗುಣ ಮೊದಲು ತಿಳಿಯಿತು. ಮುಂದೆ ದೊಡ್ಡ ಟ್ರ್ಯಾಕ್ಟರ್ ಗದ್ದೆಗಿಳಿದು ಟೈರು ಸೋತಾಗ ಅದೇ ಗಾಲಿ ಹಿರಿದಾಗಿ ಬಂತು.

ಟೈರು ಸೋಲುವುದಕ್ಕೆ ಕಾರಣ ಸರಳ. ಟೈರಿನ ಗೆರೆಗಳ ನಡುವೆ ಜೇಡಿಮಣ್ಣು ತುಂಬಿಕೊಂಡರೆ ಅದು ನುಣ್ಣನೆಯ ಉರುಳೆ. ನುಣುಪು ಕೆಸರನ್ನು ಸವರುತ್ತದೆಯೇ ಹೊರತು ಕಚ್ಚಿ ಹಿಡಿಯುವುದಿಲ್ಲ. ಕೇಜ್‌ವೀಲಿನಲ್ಲಿ ಪಟ್ಟಿಗಳ ನಡುವೆ ಬಯಲು, ಮಣ್ಣು ಉದುರಿಹೋಗುತ್ತದೆ. ಒಂದೊಂದು ಪಟ್ಟಿಯೂ ಕೆಸರನ್ನು ಸೀಳಿ ಹಿಂದಕ್ಕೆ ತಳ್ಳುತ್ತದೆ. ಅಗಲ ಹೆಚ್ಚಿರುವುದರಿಂದ ಭಾರ ಹಂಚಿಹೋಗುತ್ತದೆ. ಉಳುವುದರ ಜೊತೆಗೇ ಗದ್ದೆ ಕಲಸುವುದೂ ಆಗುತ್ತದೆ. ಹಿಮ ಬೀಳುವ ನಾಡಿನವರು ಎದುರಿಸಿದ್ದೂ ಇದೇ ತೊಡಕು. ಟೈರಿಗೆ ಹಗ್ಗ ಸುತ್ತಿಕೊಂಡು ಹೋಗುತ್ತಿದ್ದವರನ್ನು ನೋಡಿ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತ ಸರಪಳಿ ಕಟ್ಟುವ ಉಪಾಯ ಹೂಡಿ 1904ರಲ್ಲಿ ಪೇಟೆಂಟ್ ಪಡೆದ. ಕಾಶ್ಮೀರದ ಹಿಮದ ರಸ್ತೆಗಳಲ್ಲಿ ನಮ್ಮ ಲಾರಿಗಳು ಇಂದಿಗೂ ಚಕ್ರಕ್ಕೆ ಸರಪಳಿ ಬಿಗಿಯುತ್ತವೆ.

ಕೇಜ್‌ವೀಲಿದ್ದರೂ ಟ್ರ್ಯಾಕ್ಟರ್ ಹೂತುಕೊಳ್ಳುವುದುಂಟು. ಅನುಭವಿ ಡ್ರೈವರ್ ಗದ್ದೆಗಿಳಿಯುವ ಮುನ್ನ ಕೇಳುವುದು ಒಂದೇ ಮಾತು, ‘ತಳ ಸಿಕ್ತದಾ?’ ತಲೆತಲಾಂತರದಿಂದ ಒಂದೇ ಆಳಕ್ಕೆ ಉತ್ತು ತುಳಿದ ಗದ್ದೆಯಲ್ಲಿ ಕೆಸರಿನ ಕೆಳಗೆ ಗಟ್ಟಿ ಪದರವೊಂದು ಕೂತಿರುತ್ತದೆ. ಯಂತ್ರ ನಿಲ್ಲುವುದು ಅದರ ಮೇಲೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ಟ್ರ್ಯಾಕ್ಟರಿಗೆ ಇಂದು ಆಧಾರವಾಗಿರುವ ನೆಲವನ್ನು ಗಟ್ಟಿ ಮಾಡಿಕೊಟ್ಟದ್ದು ಎತ್ತುಗಳು. ಎರಡು ಟನ್ ತೂಗುವ ಟ್ರ್ಯಾಕ್ಟರನ್ನು ನೀರು ನಿಂತ ಗದ್ದೆಯಲ್ಲಿ ಆಳಕ್ಕೆ ಹೊಡೆಸುತ್ತಾ ಹೋದರೆ ಆ ಪದರ ಅಲ್ಲಲ್ಲಿ ಒಡೆಯುತ್ತದೆ. ಒಡೆದ ಕಡೆ ಹುದುಲು. ನಾಲೆಯ ಜಿನುಗು ನೀರು ವರ್ಷವಿಡೀ ಆರದ ತಗ್ಗಿನಲ್ಲಂತೂ ಮೇಲಿಂದ ನೋಡಿದರೆ ಯಾವ ಸುಳಿವೂ ಸಿಗದು. ರಾಗಿ, ಹುರುಳಿಯ ಕೆಂಪು ಹೊಲದಲ್ಲಿ ಪಳಗಿದ ನಾಗಮಂಗಲದ ಮೇಲು ಸೀಮೆಯ ಡ್ರೈವರ್ ಬಾಡಿಗೆಗೆಂದು ಇಂಥ ಗದ್ದೆಗೆ ಇಳಿದರೆ ಊರಿನವರು ತೆವರಿಯ ಮೇಲೆ ನಿಂತು ದಾರಿ ತೋರಿಸಬೇಕು.

ಗಾಲಿ ತಿರುಗಿ ಯಂತ್ರ ಮುಂದಕ್ಕೆ ಹೋಗದಿದ್ದಾಗ ಕೈ ತಾನಾಗಿಯೇ ಆಕ್ಸಿಲರೇಟರಿನ ಕಡೆ ಹೋಗುತ್ತದೆ. ‘ಎಬ್ಬುಸ್‌ಬ್ಯಾಡ ಕಣ್ಲಾ, ಇನ್ನೂ ಇಳ್ಕತದೆ’ ಎಂದು ತೆವರಿಯ ಮೇಲಿನಿಂದ ಕೂಗು ಬರುವುದು ಆಗಲೇ. ಆ ಮಾತು ನೂರಕ್ಕೆ ನೂರು ಸರಿ. ಗಾಲಿ ಒಂದೊಂದು ಸುತ್ತಿಗೂ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಅಚ್ಚಿನ ಗೂಡು ಕೆಸರಿಗೆ ತಾಗಿತೆಂದರೆ ಭಾರವೆಲ್ಲ ಹೊಟ್ಟೆಯ ಮೇಲೆ. ನುರಿತವರು ಮೊದಲು ಎಂಜಿನ್ ನಿಲ್ಲಿಸಿ ನೀರು ಬಸಿಯಲು ತೂಬು ಬಿಡುತ್ತಾರೆ. ರೋಟಾವೇಟರ್ ಬಿಚ್ಚಿ ಭಾರ ಇಳಿಸುತ್ತಾರೆ. ಸನಿಕೆ ಹಿಡಿದು ಗಾಲಿ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಜಾರಾಗಿ ಕೆಸರು ಕಡಿದು, ಕಬ್ಬಿನ ತರಗು, ತೆಂಗಿನ ಗರಿ ತುರುಕುತ್ತಾರೆ. ಒಂದೇ ಗಾಲಿ ಸುತ್ತುತ್ತಿದ್ದರೆ ಡಿಫರೆನ್ಷಿಯಲ್ ಲಾಕ್ ಒತ್ತಿ, ಸ್ಟೀರಿಂಗ್ ನೆಟ್ಟಗಿಟ್ಟು, ಸಣ್ಣ ಗೇರಿನಲ್ಲಿ ಹಿಂದಕ್ಕೆ ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗಟ್ಟಿ ನೆಲದಲ್ಲಿ ಇನ್ನೊಂದು ಟ್ರ್ಯಾಕ್ಟರ್ ನಿಲ್ಲಿಸಿ ಉದ್ದನೆಯ ಸರಪಳಿಯಲ್ಲಿ ಎಳೆಸುತ್ತಾರೆ. ಈಗ ಜೆಸಿಬಿಗೆ ಫೋನು ಹೋಗುವುದೂ ಸಾಮಾನ್ಯ.

ಪ್ರಾಣ ಹೋಗುವುದು ಕೂಡ ಈ ಹಂತದಲ್ಲೇ. ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಬಿಡುವ ಅಭ್ಯಾಸ ಕೆಲವೆಡೆ ಇದೆ. ದಿಮ್ಮಿ ಸಿಕ್ಕಿಕೊಂಡು ಗಾಲಿ ತಿರುಗದಾದರೆ ಗಾಲಿಯ ಬದಲು ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗಿ, ಮೂತಿ ಎತ್ತಿ, ಹಿಮ್ಮೊಗವಾಗಿ ಮಗುಚುತ್ತದೆ. ಕ್ಲಚ್ ತುಳಿಯಲೂ ವ್ಯವಧಾನ ಸಿಗುವುದಿಲ್ಲ. ಎಳೆಯುವ ಟ್ರ್ಯಾಕ್ಟರಿನಲ್ಲಿ ಸರಪಳಿಯನ್ನು ಅಚ್ಚಿಗಿಂತ ಮೇಲೆ, ಟಾಪ್ ಲಿಂಕಿಗೆ ಸಿಕ್ಕಿಸಿದರೂ ಆಗುವುದು ಇದೇ. ಕೊಂಡಿ ಯಾವಾಗಲೂ ಕೆಳಗಿನ ಡ್ರಾಬಾರಿಗೇ ಬೀಳಬೇಕು. ಸರಪಳಿ ಬಿಗಿದಾಗ ಅದರ ಆಸುಪಾಸಿನಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ತೆವರಿಯ ಹತ್ತಿರವೂ ಸುಳಿಯಬಾರದು.

ಕಬ್ಬಿಣದ ಗಾಲಿಯ ಮೇಲೆ ಒಂದು ದೂರಿದೆ, ಅದು ನ್ಯಾಯವಾದದ್ದೇ. ಬಿಚ್ಚಿ ಹಾಕುವ ಬೇಸರಕ್ಕೆ ಹಾಗೆಯೇ ಡಾಂಬರು ರಸ್ತೆಗೆ ಹತ್ತಿಸಿದರೆ ಹೊಸ ರಸ್ತೆಗೂ ಬರೆ ಎಳೆದಂತಾಗುತ್ತದೆ. ಆದರೆ ಹೊತ್ತು ಮುಳುಗುವಷ್ಟರಲ್ಲಿ ಇನ್ನೊಬ್ಬರ ಗದ್ದೆ ಮುಗಿಸಬೇಕಾದ ಡ್ರೈವರ್ ಗಾಲಿ ಬದಲಿಸುತ್ತಾ ಕೂರಲಾರ. ಡಾಂಬರು ಹಾದಿಯಲ್ಲಿ ಟ್ರ್ಯಾಕ್ಟರನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋಗುವ ಏರ್ಪಾಡನ್ನು ಬಾಡಿಗೆ ಕೊಡುವವರೇ ಮಾಡಿಕೊಳ್ಳುವುದು ಒಳ್ಳೆಯದು.

ಕಟಾವಿನ ಕಾಲಕ್ಕೆ ಈಗ ಬೆಲ್ಟಿನ ಮೇಲೆ ಉರುಳುವ ಹಾರ್ವೆಸ್ಟರುಗಳು ಬರುತ್ತವೆ. ಹಸಿ ಗದ್ದೆಯಲ್ಲೂ ಅವು ಅಷ್ಟಾಗಿ ಇಳಿಯುವುದಿಲ್ಲ. 2014ರ ನಂತರ ಬಂದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಸಣ್ಣ ರೈತನಿಗೂ ಯಂತ್ರ ಬಾಡಿಗೆಗೆ ದೊರೆಯುತ್ತಿದೆ. ಯಂತ್ರ ಕೊಡುವಾಗ ಅದು ಹೂತರೆ ತೆಗೆಯುವ ಬಗೆಯನ್ನೂ ಹೇಳಿಕೊಡಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೆಸರು ಗದ್ದೆಯೂ ಇದೆ. ನಾಲೆಗೆ ನೀರು ಬಿಡುವ ಮುಂಚಿನ ವಾರ ಸುತ್ತಲ ತಾಲ್ಲೂಕುಗಳ ಡ್ರೈವರುಗಳನ್ನು ಅಲ್ಲಿಗೆ ಕರೆಸಿ, ಬೇಕೆಂದೇ ಒಂದು ಟ್ರ್ಯಾಕ್ಟರ್ ಹೂಳಿಸಿ, ಕೊಂಡಿ ಎಲ್ಲಿಗೆ ಹಾಕಬೇಕು ಎಂಬುದನ್ನು ಅವರ ಕೈಯಲ್ಲೇ ಮಾಡಿಸಿ ತೋರಿಸಲು ಅರ್ಧ ದಿನ ಸಾಕು.